ವಾಲ್ವ್ ಟೆಸ್ಟರಿನ ಮುಳ್ಳು

ಆ ವಾಲ್ವ್ ಟೆಸ್ಟರನ್ನು ಬೀಳಿಸಿದವಳು ನಾನು. ಶೀನಣ್ಣ ಅಲ್ಲ — ನಾನು.

ಬರೆದು ನೋಡಿದರೆ ಎಷ್ಟು ಚಿಕ್ಕ ಮಾತು! ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ವರ್ಷಗಳೇ ಬೇಕಾದವು ಎಂದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಬೀಳಿಸಿದ್ದು ದೊಡ್ಡ ತಪ್ಪಲ್ಲ, ಯಾರ ಕೈಯಿಂದಲೂ ಬೀಳಬಹುದು. ಆದರೆ ನನ್ನ ತಪ್ಪಿಗೆ ಇನ್ನೊಬ್ಬ ಮನುಷ್ಯ ನನ್ನ ಕಣ್ಣೆದುರೇ ಕೈಮುಗಿದು ಕ್ಷಮೆ ಕೇಳಿದಾಗ, ನಾನು ಪಕ್ಕದಲ್ಲಿ ನಿಂತು ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದೆ. ನಾನು ಹೇಳಬೇಕಾದದ್ದು ಅದನ್ನು.

ನನ್ನ ಗಂಡ ಗ್ರೆಗರಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ಬಿಕರ್ನಕಟ್ಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮನೆಯಲ್ಲಿಡುವ ರೇಡಿಯೊಗಳನ್ನು ಮಂಗಳೂರಿನಲ್ಲಿ ಬೇರೆಯವರೂ ಮಾಡುತ್ತಿದ್ದರು. ಕಾರಿನ ರೇಡಿಯೊ ಕೆಟ್ಟರೆ ಮಾತ್ರ ಡಾಕ್ಟರುಗಳು, ಹೆಂಚಿನ ಕಾರ್ಖಾನೆಯ ಧಣಿಗಳು, ಘಟ್ಟದ ಮೇಲಿನ ಕಾಫಿ ತೋಟದವರು ಎಲ್ಲರೂ ನಮ್ಮ ಅಂಗಳಕ್ಕೇ ಬರುತ್ತಿದ್ದರು. ಹೆಮ್ಮೆಯ ವಿಷಯವೇ. ಆದರೆ ಆ ಹೆಮ್ಮೆಯ ಜತೆ ಸಂಸಾರ ಮಾಡಿದವಳು ನಾನು. ಕಾರಿನ ರೇಡಿಯೊ ಎಂದರೆ ಕಬ್ಬಿಣದ ಪೆಟ್ಟಿಗೆ. ಬ್ಯಾಟರಿಯ ಅಲ್ಪ ಕರೆಂಟನ್ನು ಏರಿಸಲು ಅದರೊಳಗೊಂದು ವೈಬ್ರೇಟರು, ಅದು ಜೀರುಂಡೆಯ ಹಾಗೆ ಇಡೀ ದಿನ ಗುಂಯ್‌ಗುಡುತ್ತಿತ್ತು. ಅದಕ್ಕೆ ಕರೆಂಟು ಕೊಡಲು ನೆಲದ ಮೇಲೆ ಒಂದು ಲಾರಿ ಬ್ಯಾಟರಿ. ಅದರ ಆಸಿಡ್ ಸಿಡಿದು ನನ್ನ ಸೀರೆಗಳ ಸೆರಗಿಗೆಲ್ಲ ತೂತು. ಮೀಟರುಗಳು, ಸಿಗ್ನಲ್ ಜನರೇಟರು ಎಂಬ ಇನ್ನೊಂದು ಪೆಟ್ಟಿಗೆ, ವಯರುಗಳು... ಮುಂದಿನ ಕೋಣೆ ತುಂಬಿ ಉಕ್ಕಿ ಊಟದ ಮೇಜಿನವರೆಗೂ ಬಂದಿದ್ದವು. ಅನ್ನದ ಪಾತ್ರೆ ಇಡಲು ಜಾಗ ಕೇಳಿದರೆ "ಸ್ವಲ್ಪ ತಡಿ ಮಾರಾಯ್ತಿ" ಎನ್ನುವರು. ಆ ಸ್ವಲ್ಪ ಎಂದೂ ಮುಗಿಯಲಿಲ್ಲ.

ಇವುಗಳಲ್ಲೆಲ್ಲ ರಾಜ ಆ ವಾಲ್ವ್ ಟೆಸ್ಟರು. ರೇಡಿಯೊದ ಗಾಜಿನ ವಾಲ್ವನ್ನು ಅದಕ್ಕೆ ಸಿಕ್ಕಿಸಿ ಗುಂಡಿ ತಿರುಗಿಸಿದರೆ ಮೀಟರಿನ ಮುಳ್ಳು ಏಳುತ್ತಿತ್ತು. ಹಸಿರಿಗೆ ಹೋದರೆ ವಾಲ್ವು ಒಳ್ಳೆಯದು, ಕೆಂಪಿನಲ್ಲೇ ನಿಂತರೆ ಕೆಟ್ಟದ್ದು. ಊರು ಬಿಟ್ಟು ವಿಲಾಯತಿಗೆ ಹೊರಟಿದ್ದ ತೋಟದ ದೊರೆಯೊಬ್ಬನಿಂದ ಅದನ್ನು ಗ್ರೆಗರಿ ಮತ್ತು ಶೀನಣ್ಣ ಜಂಟಿಯಾಗಿ ಕೊಂಡು, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

ಶೀನಣ್ಣ ನಂತೂರಿನಲ್ಲಿ ಒಂದು ಬಸ್ ಕಂಪನಿಯ ಇಲೆಕ್ಟ್ರೀಷಿಯನ್. ಕೆಲಸ ಮುಗಿಸಿ ಸೈಕಲಿನಲ್ಲಿ ನಮ್ಮಲ್ಲಿಗೆ ಬರುವರು. ಕಾರಿನೊಳಗೆ ಅಂಗಾತ ಮಲಗಿ ರೇಡಿಯೊ ಬಿಚ್ಚುವುದು, ಮತ್ತೆ ಕೂರಿಸುವುದು ಅವರ ಕೆಲಸ. ರಿಪೇರಿ ಇವರದು. ನನ್ನನ್ನು "ಬಾಯಮ್ಮ" ಎಂದೂ ಇವರನ್ನು, ತುಳುವರು ಕ್ರಿಸ್ತುವರನ್ನು ಕರೆಯುವ ಹಾಗೆ, "ಪೊರ್ಬುಗಳೇ" ಎಂದೂ ಕರೆಯುತ್ತಿದ್ದರು. ಗಂಡಹೆಂಡತಿ ನಾವು ಕೊಂಕಣಿಯಲ್ಲಿ, ಅವರ ಜತೆ ತುಳುವಿನಲ್ಲಿ ಆಡಿದ ಮಾತುಗಳನ್ನೇ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಬ್ಬರೂ ಒಂದೇ ರೇಡಿಯೊದೊಳಗೆ ತಲೆ ತೂರಿಸಿ ಕೂತರೆ ನನಗೆ ಹೊಟ್ಟೆಕಿಚ್ಚಾಗುವಷ್ಟು ಸ್ನೇಹ.

ಆ ದಿನ ನನ್ನ ತಮ್ಮನಿಗೆ ಹೆಣ್ಣು ಕೊಡುವವರು ಊಟಕ್ಕೆ ಬರುವವರಿದ್ದರು. ಮೇಜು ಖಾಲಿ ಮಾಡಿ ಕೊಡಿ ಎಂದು ಹಿಂದಿನ ದಿನದಿಂದ ಹೇಳಿ ನನ್ನ ಬಾಯಿ ನೋವಾಗಿತ್ತು. ಬೆಳಿಗ್ಗೆ ಅದೇ ಟೆಸ್ಟರಿನಲ್ಲಿ ಯಾವುದೋ ವಾಲ್ವ್ ನೋಡಿ, ಅದನ್ನು ಮೇಜಿನ ನಡುವೆಯೇ ಬಿಟ್ಟು, ಗ್ರೆಗರಿ ಮದ್ರಾಸಿನ ಪಾರ್ಸೆಲ್ ಬಿಡಿಸಲು ರೈಲ್ವೆ ಸ್ಟೇಷನ್ನಿಗೆ ಹೋದರು. ಒಲೆಯ ಮೇಲೆ ಸಾರು, ಅಂಗಳಕ್ಕೆ ಅತಿಥಿಗಳು ಬರುವ ಹೊತ್ತು — ನಾನೇ ಎತ್ತಿದೆ. ಸಿಟ್ಟಿನಲ್ಲಿ ಎತ್ತಿದೆ. ಅದು ಅಷ್ಟು ಭಾರ ಎಂದು ಗೊತ್ತಿರಲಿಲ್ಲ... ಇಲ್ಲ, ಗೊತ್ತಿತ್ತು. ಹೊಸಿಲಿಗೆ ಅದರ ಮೂಲೆ ಬಡಿದು ಕೈಜಾರಿ ನೆಲಕ್ಕೆ ಬಿತ್ತು.

ಗಾಜು ಒಡೆಯಲಿಲ್ಲ. ಒಡೆದಿದ್ದರೆ! ಎಷ್ಟೋ ಸಲ ಯೋಚಿಸಿದ್ದೇನೆ, ಒಡೆದಿದ್ದರೆ ಮುಚ್ಚಿಡಲು ಸಾಧ್ಯವೇ ಇರಲಿಲ್ಲ. ಮುಳ್ಳು ಮಾತ್ರ ಗಡಗಡ ನಡುಗಿ ನಿಂತಿತು. ಪೆಟ್ಟಿಗೆಯನ್ನು ಮುಂದಿನ ಕೋಣೆಯ ಸ್ಟೂಲಿನ ಮೇಲಿಟ್ಟು ಬಟ್ಟೆ ಮುಚ್ಚಿದೆ. ಗ್ರೆಗರಿ ಬಂದ ಕೂಡಲೇ ಹೇಳುವುದೆಂದುಕೊಂಡೆ. ಅವರು ಬಂದದ್ದು ಅತಿಥಿಗಳ ಜತೆಗೇ. ಊಟವಾದ ಮೇಲೆ ಎಂದುಕೊಂಡೆ. ಊಟವಾದ ಮೇಲೆ ಅವರು ಒಳ್ಳೆಯ ಖುಷಿಯಲ್ಲಿದ್ದರು. ಹಾಗಾಗಿ ನಾಳೆ ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಗ್ರೆಗರಿ ಇಗರ್ಜಿಯ ಪ್ರಾರ್ಥನೆಗೆ ಹೋಗಿದ್ದಾಗ ಶೀನಣ್ಣ ಬಂದರು.

"ಬಾಯಮ್ಮ, ಟೆಸ್ಟರು ತಗೊಂಡು ಹೋಗ್ತೇನೆ. ಕೊಟ್ಟಾರದ ಧಣಿಗಳ ಕಾರು ಉಂಟಲ್ಲ, ಅವರು ವಾಲ್ವ್ ಮನೆಯಿಂದ ಹೊರಗೆ ಕೊಡುವುದಿಲ್ಲವಂತೆ. ಅಲ್ಲೇ ಅವರ ಎದುರು ನೋಡ್ಬೇಕಂತೆ. ಪೊರ್ಬುಗಳಿಗೆ ಹೇಳಿದ್ದೇನೆ."

ಒಳ್ಳೆಯ ವಾಲ್ವ್ ತೆಗೆದು ಹಳೆಯದನ್ನು ಹಾಕುವ ಮೋಸ ಆಗ ನಡೆಯುತ್ತಿತ್ತು, ಧಣಿಗೆ ಅದೇ ಭಯ. ನಾನು ಪೆಟ್ಟಿಗೆ ತಂದುಕೊಟ್ಟೆ. ಸೈಕಲಿನ ಕ್ಯಾರಿಯರಿಗೆ ಹಾಸಲು ಒಂದು ಗೋಣಿಯನ್ನೂ ಕೊಟ್ಟೆ. "ಜಾಗ್ರತೆ ಶೀನಣ್ಣ" ಎಂದೆ. ಜಾಗ್ರತೆ ಎಂದೆ! ನಾನು! ಆಗ ಅವರ ತಲೆಗೆ ಕಟ್ಟುವ ಯೋಚನೆ ಇತ್ತೇ ಎಂದರೆ — ಇರಲಿಲ್ಲ. ಆದರೆ ಪೆಟ್ಟಿಗೆ ಮನೆಯಿಂದ ಹೊರಗೆ ಹೋದಾಗ ಎದೆ ಹಗುರವಾದದ್ದು ಸುಳ್ಳಲ್ಲ.

ಕೊಟ್ಟಾರದಲ್ಲಿ ಮುಳ್ಳು ಕೆಂಪು ಬಿಟ್ಟು ಏಳಲಿಲ್ಲ. ವಾಲ್ವುಗಳೆಲ್ಲ ಹೋಗಿವೆ, ಹೊಸತು ಹಾಕಬೇಕು ಎಂದು ಶೀನಣ್ಣ ಹೇಳಿ, ಟೆಸ್ಟರನ್ನು ಮತ್ತೆ ನಮ್ಮಲ್ಲಿಗೆ ತಂದಿಟ್ಟರು. ಧಣಿ ಅವುಗಳನ್ನು ತಾನೇ ಒಯ್ದು ಬಂದರಿನ ಇನ್ನೊಬ್ಬ ರಿಪೇರಿಯವನಿಗೆ ತೋರಿಸಿದ. ಒಂದೂ ಕೆಟ್ಟಿರಲಿಲ್ಲ, ಎಲ್ಲೋ ಒಂದು ವಯರು ಬಿಟ್ಟಿತ್ತಂತೆ. ಮರುದಿನ ಧಣಿಯ ಕಾರು ನಮ್ಮ ಅಂಗಳಕ್ಕೆ ಬಂತು. ಇಳಿಯದೆ ಕಿಟಕಿಯಿಂದಲೇ, ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬರುವ ಹಾಗೆ ಕಿರುಚಿದ — ಕಳ್ಳರು, ಒಳ್ಳೆ ವಾಲ್ವ್ ಕದಿಯಲು ನಾಟಕ ಮಾಡುವವರು, ನಿಮ್ಮನ್ನು ಊರಲ್ಲಿ ಯಾರೂ ಹತ್ತಿರ ಸೇರಿಸದ ಹಾಗೆ ಮಾಡ್ತೇನೆ ಎಂದು. ಹೇಳಿದಂತೆ ಮಾಡಿದ ಕೂಡ.

ಸಂಜೆ ಶೀನಣ್ಣ ಬಂದ ಮೇಲೆ ಗ್ರೆಗರಿ ಅವರ ಎದುರೇ ಮದ್ರಾಸಿನಿಂದ ಬಂದ ಹೊಚ್ಚ ಹೊಸ ವಾಲ್ವನ್ನು ಡಬ್ಬಿಯಿಂದ ತೆಗೆದು ಟೆಸ್ಟರಿಗೆ ಸಿಕ್ಕಿಸಿದರು. ಕೆಂಪು. ಇನ್ನೊಂದು. ಅದೂ ಕೆಂಪು. ಪೆಟ್ಟಿಗೆಯನ್ನು ತಿರುಗಿಸಿ ನೋಡಿದರೆ ಮೂಲೆ ಜಜ್ಜಿತ್ತು.

"ಎಲ್ಲಿ ಬೀಳಿಸಿದೆ ಶೀನ?"

"ನಾನು ಬೀಳಿಸ್ಲಿಲ್ಲ ಪೊರ್ಬುಗಳೇ. ನಮ್ಮ ದೈವದ ಆಣೆ."

"ನೀನು ಒಯ್ಯುವ ಹಿಂದಿನ ದಿನ ನಾನು ನೋಡಿದಾಗ ಸರಿ ಇತ್ತಲ್ಲ?" ಎಂದವರೇ ಗ್ರೆಗರಿ ನನ್ನ ಕಡೆ ತಿರುಗಿದರು. "ನೀನು ಇದನ್ನು ಮುಟ್ಟಿದ್ದೀಯಾ?"

ಬಾಗಿಲಲ್ಲಿ ನಿಂತಿದ್ದೆ. ಅದೇ ಹೊಸಿಲು. ಶೀನಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು — ಸಂಶಯದಿಂದಲ್ಲ, ನಾನು ಏನಾದರೂ ಹೇಳಿ ಕಾಪಾಡಬಹುದು ಎನ್ನುವ ಹಾಗೆ.

"ನಿಮ್ಮ ಸಾಮಾನು ನಾನು ಎಂತಕ್ಕೆ ಮುಟ್ಟುವುದು?" ಎಂದೆ.

ಆ ಮಾತಿನಲ್ಲಿ ಸಿಡುಕೂ ಇತ್ತು, ಬೇಕಂತಲೇ ತಂದುಕೊಂಡದ್ದು. ಸಿಡುಕುವವಳು ಸುಳ್ಳು ಹೇಳುತ್ತಾಳೆಂದು ಯಾರಿಗೂ ಅನಿಸುವುದಿಲ್ಲ.

ಗ್ರೆಗರಿ ಶೀನಣ್ಣನಿಗೆ ಹೇಳಿದರು: "ಬಿದ್ದದ್ದು ದೊಡ್ಡದಲ್ಲ. ಬಿತ್ತು ಅಂತ ಬಂದು ಹೇಳಿದ್ದರೆ ಮುಗೀತಿತ್ತು. ಸುಳ್ಳು ಹೇಳಿದ್ದು ಉಂಟಲ್ಲ, ಅದು ನನಗೆ ಆಗುವುದಿಲ್ಲ. ನೀನು ಇನ್ನು ಬರುವುದು ಬೇಡ."

ಆ ಮಾತಿನ ಒಂದೊಂದು ಅಕ್ಷರವೂ ನನಗೆ ಸೇರಬೇಕಾದದ್ದು. ಶೀನಣ್ಣ ಅದನ್ನು ತೆಗೆದುಕೊಂಡು ಸೈಕಲ್ ಏರಿದರು.

ಕುಮ್ಸಾರಿಗೆ, ಎಂದರೆ ಇಗರ್ಜಿಯಲ್ಲಿ ಪಾಪ ಒಪ್ಪಿಕೊಳ್ಳುವುದಕ್ಕೆ, ಹೋದಾಗ ನಾನು ಪಾದ್ರಿಗಳಿಗೆ ಹೇಳಿದೆ. ಹೇಗೆ ಹೇಳಿದೆ ಕೇಳಿ: ಅತ್ತೆಗೆ ಎದುರುತ್ತರ ಕೊಟ್ಟೆ, ನೆರೆಯವಳ ಮೇಲೆ ಹೊಟ್ಟೆಕಿಚ್ಚುಪಟ್ಟೆ, ಒಂದು ಸುಳ್ಳು ಹೇಳಿದೆ. ಆ ಸಾಲಿನ ಕೊನೆಯಲ್ಲಿ ಸಿಕ್ಕಿಸಿದೆ. ಎಂಥ ಸುಳ್ಳೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ದೇವರ ಹತ್ತಿರ ಕೂಡ ಇಷ್ಟು ಜಾಣತನ ಮಾಡಿದವಳು ನಾನು.

ಹಾಗೇ ಇದ್ದಿದ್ದರೂ ಒಂದು ಲೆಕ್ಕ. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಶೀನಣ್ಣ ನಮ್ಮ ಮನೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನಾನು ಚಹಾ ತಂದೆ. ಅವರು ಕುರ್ಚಿಯಲ್ಲಿ ಕೂರಲಿಲ್ಲ.

"ಪೊರ್ಬುಗಳೇ, ನಾನು ತುಂಬ ಯೋಚನೆ ಮಾಡಿದೆ. ನಂತೂರಿನ ಇಳಿಜಾರಲ್ಲಿ ಸೈಕಲು ಒಂದು ಕಲ್ಲಿನ ಮೇಲೆ ಹಾರಿತ್ತು. ಹಗ್ಗ ಸಡಿಲ ಆಗಿತ್ತೋ ಏನೋ. ನನ್ನ ಕೈಯಿಂದಲೇ ಆಗಿರ್ಬೇಕು. ಕ್ಷಮಿಸ್ಬೇಕು." ಎಂದು ಕೈಮುಗಿದರು.

ಆಗ ಹೇಳಬಹುದಿತ್ತು. ಮೊದಲ ಸಲ ಹೆದರಿ ಸುಳ್ಳು ಹೇಳಿದೆ ಎಂದರೆ ಯಾರಾದರೂ ನಂಬಿಯಾರು. ಆಗ ಎಂಥ ಹೆದರಿಕೆ? ನನಗೆ ಬಂದದ್ದು ಹೆದರಿಕೆಯಲ್ಲ, ಅಸಹನೆ. ಈ ಮನುಷ್ಯ ಯಾಕೆ ಬಂದ? ಮಾಡದ ತಪ್ಪನ್ನು ಯಾಕೆ ಒಪ್ಪಿಕೊಳ್ಳುತ್ತಾನೆ? ಸಿಟ್ಟು ಮಾಡಿಕೊಂಡು ದೂರವೇ ಇರಬಾರದಿತ್ತೇ? ಅವರ ಒಳ್ಳೆಯತನದ ಮೇಲೆ ನನಗೆ ಸಿಟ್ಟು ಬಂತು. ಲೋಟ ತುಂಬಿ ತಟ್ಟೆಗೆ ಚೆಲ್ಲಿತು. "ಆಯ್ತು ಬಿಡು" ಎಂದರು ಗ್ರೆಗರಿ. ಆದರೆ ಕೆಲಸಕ್ಕೆ ಮತ್ತೆ ಕರೆಯಲಿಲ್ಲ. ಶೀನಣ್ಣ ಆಮೇಲೆ ರೇಡಿಯೊ ಮುಟ್ಟಲಿಲ್ಲ ಎಂದು ಕೇಳಿದೆ. ಬಸ್ಸಿನ ಹಾರ್ನು, ಲೈಟುಗಳ ಕೆಲಸದಲ್ಲೇ ಉಳಿದರು.

ಗ್ರೆಗರಿಯ ಕಾರಿನ ರೇಡಿಯೊ ಕೆಲಸವೂ ಕುಂಟುತ್ತ ಸಾಗಿತು. ಅದಕ್ಕಿಂತ ನನ್ನನ್ನು ಕೊಂದದ್ದು ಅವರು ಆ ಕತೆ ಹೇಳುವ ಚಾಳಿ. ಮದುವೆಯ ಊಟದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಯಾರು ಸಿಕ್ಕರೂ ಸರಿ — ಒಬ್ಬನನ್ನು ನಂಬಿದೆ, ಅವನು ಪೆಟ್ಟಿಗೆ ಬೀಳಿಸಿ ದೈವದ ಆಣೆ ಹಾಕಿದ, ಕೊನೆಗೆ ಅವನೇ ಬಂದು ಒಪ್ಪಿಕೊಂಡ. ಪ್ರತಿಸಲ ನಾನು ಪಕ್ಕದಲ್ಲೇ.

ಅರವತ್ತರ ದಶಕದ ಕೊನೆಗೆ ಟ್ರಾನ್ಸಿಸ್ಟರುಗಳು ಬಂದವು. ವಾಲ್ವ್ ಕೇಳುವವರೇ ಇಲ್ಲ. ಒಂದು ಮಧ್ಯಾಹ್ನ ಗ್ರೆಗರಿ ಹಳೆಯ ಪೆಟ್ಟಿಗೆಗಳನ್ನೆಲ್ಲ ಅಂಗಳಕ್ಕೆ ತಂದು ಗುಜರಿಯವನನ್ನು ಕರೆದರು. ಟೆಸ್ಟರು ಕೈಗೆ ಬಂದದ್ದೇ ತಡ, ಗುಜರಿಯವನಿಗೂ ಶುರು: "ಇದು ಎಂಥ ಮಿಷನ್ ಗೊತ್ತುಂಟಾ? ಒಬ್ಬ ಸುಳ್ಳ ಇದನ್ನು ಹಾಳು ಮಾಡಿದ..."

"ಸಾಕು ಮಾರಾಯ್ರೇ!" ಎಂದೆ. ಬಟ್ಟೆ ಒಣಹಾಕುತ್ತಿದ್ದೆ, ಬಕೆಟನ್ನು ನೆಲಕ್ಕೆ ಕುಕ್ಕಿದೆ. "ಬೀಳಿಸಿದ್ದು ನಾನು. ಶೀನಣ್ಣ ಅಲ್ಲ. ಇನ್ನು ಆ ಕತೆ ಹೇಳ್ಬೇಡಿ."

ನನ್ನ ಒಪ್ಪಿಗೆ ಬಂದದ್ದು ಹೀಗೆ. ಪಶ್ಚಾತ್ತಾಪದಿಂದಲ್ಲ, ಕಿರಿಕಿರಿಯಿಂದ. ಗುಜರಿಯವನು ತಕ್ಕಡಿ ಹಿಡಿದು ಹಾಗೇ ನಿಂತ. ಗ್ರೆಗರಿ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ, ಬೈದರೆ ಒಳ್ಳೆಯದಿತ್ತು.

"ಶೀನನಿಗೆ ಹೇಳಿದ್ದೀಯಾ?"

"ಇಲ್ಲ."

"ಮತ್ತೆ ನನ್ನ ಹತ್ತಿರ ಎಂತಕ್ಕೆ ಹೇಳುವುದು?" ಎಂದರು. ಅಂಗಿ ಹಾಕಿಕೊಂಡು ಬಂದರು. "ನಡಿ."

ನಂತೂರಿನಲ್ಲಿ ಶೀನಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೂದಲು ನರೆತಿತ್ತು. ನಮ್ಮನ್ನು ನೋಡಿ ಗಾಬರಿಯಾಗಿ, ಯಾರೋ ಸತ್ತ ಸುದ್ದಿ ತಂದಿದ್ದೇವೆಂದುಕೊಂಡು, ಜಗಲಿಯಲ್ಲಿ ಚಾಪೆ ಹಾಸಿದರು. ಗ್ರೆಗರಿ ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನೇ. ಹೇಳಿದೆ — ಅತಿಥಿಗಳು, ಮೇಜು, ಹೊಸಿಲು, ಗೋಣಿ, ನಾನು ಹೇಳಿದ ಸುಳ್ಳು, ಬಾಳೆಹಣ್ಣು ತಂದ ಸಂಜೆ. ನಡುವೆ ಎಲ್ಲೂ ನಿಲ್ಲಿಸಲಿಲ್ಲ.

ಅವರು ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಾಗಾದ್ರೆ ನಾನು ಬೀಳಿಸ್ಲಿಲ್ಲವಾ?" ಎಂದರು.

"ಇಲ್ಲ ಶೀನಣ್ಣ."

"ಆದರೆ ಬಿದ್ದದ್ದು ನನಗೆ ನೆನಪುಂಟಲ್ಲ? ಆ ಕಲ್ಲು... ಹಗ್ಗ ಬಿಚ್ಚಿ ಹೋದದ್ದು... ನಾನೇ ಎತ್ತಿ ಮತ್ತೆ ಕಟ್ಟಿದ್ದು. ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಉಂಟು." ಅವರು ನನ್ನನ್ನು ಹೀಗೆ ಕೇಳುತ್ತಿದ್ದದ್ದು ಸಿಟ್ಟಿನಿಂದಲ್ಲ. ನಿಜವಾಗಿ ತಿಳಿಯದೆ ಕೇಳುತ್ತಿದ್ದರು. "ಹೆದರಿಕೆಗೆ ಮುಚ್ಚಿಟ್ಟು ದೈವದ ಮೇಲೆ ಸುಳ್ಳು ಆಣೆ ಹಾಕಿದೆ ಅಂತ, ಬಾಯಮ್ಮ, ಈಗಲೂ ನಾನು ಕೋಲದಲ್ಲಿ ದೈವ ಮೈಮೇಲೆ ಬಂದ ಹೊತ್ತು ಎದುರು ಹೋಗಿ ನಿಲ್ಲುವುದಿಲ್ಲ. ಹಿಂದೆ ನಿಲ್ಲುತ್ತೇನೆ."

ಒಬ್ಬ ಮನುಷ್ಯನ ಹೆಸರು, ಕೆಲಸ, ಸ್ನೇಹ ಕಳೆದೆ ಎಂದಷ್ಟೇ ನಾನು ಲೆಕ್ಕ ಹಾಕಿದ್ದೆ. ಅವರ ತಲೆಯೊಳಗೆ ಹೋಗಿ, ಆಗದೇ ಇದ್ದದ್ದನ್ನು ನೆನಪಾಗಿ ಕೂರಿಸಿ ಬಂದಿದ್ದೆ ಎಂದು ನನಗೆ ತಿಳಿದಿರಲಿಲ್ಲ.

ಶೀನಣ್ಣ ಎದ್ದರು. ನನ್ನನ್ನೂ ನೋಡಲಿಲ್ಲ, ಗ್ರೆಗರಿಯನ್ನೂ ನೋಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಒಳಗೆ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳುವಂತೆ ಕೂಗಿದರು:

"ಏ, ಕೇಳಿತಾ? ನಾನು ಬೀಳಿಸ್ಲಿಲ್ಲವಂತೆ. ನಾನು ಸುಳ್ಳು ಹೇಳ್ಲಿಲ್ಲವಂತೆ."

ಅವರು ಇನ್ನೊಮ್ಮೆ, ಈಗ ಸ್ವಲ್ಪ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ ಅದನ್ನೇ ಹೇಳಿದರು. ಕ್ಷಮೆ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಆ ಹೊತ್ತಿನಲ್ಲಿ ಅವರಿಂದ ಇನ್ನೂ ಒಂದನ್ನು ಕೇಳಿ ಪಡೆಯಲು ನನಗೆ ನಾಚಿಕೆಯಾಯಿತು. ಕೇಳಲಿಲ್ಲ.