ಹತ್ತು ಗ್ರಾಂ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಆರೋಗ್ಯ ಕೇಂದ್ರದಲ್ಲಿ ಯಾರ ಆರೋಗ್ಯವೂ ನೆಟ್ಟಗಿರುತ್ತಿರಲಿಲ್ಲ. ಸಂತಾನಹರಣ ಆಪರೇಷನ್ನಿಗೆ ಒಬ್ಬೊಬ್ಬ ಸಿಸ್ಟರ್ ವರ್ಷಕ್ಕೆ ಇಂತಿಷ್ಟು ಹೆಂಗಸರನ್ನು ಕರೆತರಬೇಕೆಂದು ಸರ್ಕಾರದ ಟಾರ್ಗೆಟ್ ಇತ್ತು. ಯಾರದು ಎಷ್ಟಾಯಿತೆಂದು ಗೋಡೆಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವವನು ಗುಮಾಸ್ತ ಲೋಕಪ್ಪ, ಅಂದರೆ ನಾನು. ಪಾಪದ ಕೆಲಸ ಅಂತ ಆಗ ಅನ್ನಿಸಿರಲಿಲ್ಲ.

ತೊಂಬತ್ತಾರರ ಮಾರ್ಚ್ ಕೊನೆಗೆ ಸರ್ವಮಂಗಳ ಸಿಸ್ಟರ್ ಹೆಸರಿನ ಮುಂದೆ ಇಪ್ಪತ್ನಾಲ್ಕಕ್ಕೆ ಇಪ್ಪತ್ತಮೂರು ಎಂದಿತ್ತು. ಸಿಸ್ಟರ್ ಸೊರಬದ ಉಳವಿ ಕಡೆಯವರು. ತಾಳಗುಂದದ ಸುತ್ತಿನ ಹಳ್ಳಿಗಳಿಗೆ ಬಂದು ಹದಿನಾರು ವರ್ಷವಾಗಿತ್ತು. ಹೆರಿಗೆ ನೋವು ಎಂದರೆ ಉಣ್ಣುವ ತಟ್ಟೆ ಬಿಟ್ಟು ಏಳುವ ಹೆಂಗಸು. ನಾಲಿಗೆ ಮಾತ್ರ ಮೆಣಸಿನಕಾಯಿ. ನನ್ನ ರಿಜಿಸ್ಟರುಗಳಿಗೆ "ಲೋಕಪ್ಪನವರ ಪುರಾಣ" ಎಂದು ಹೆಸರಿಟ್ಟಿದ್ದರು.

ಕೊನೆಯ ಶಿಬಿರದ ಬೆಳಗ್ಗೆ ಹುಲಿಯಪ್ಪನ ಹೆಂಡತಿ ತಿಮ್ಮಮ್ಮ ಬಟ್ಟೆಗಂಟು ಹಿಡಿದು ಬಂದಳು. ಮೂರು ಮಕ್ಕಳ ತಾಯಿ. ಶಿಬಿರವಿದ್ದ ಶಿಕಾರಿಪುರದ ಆಸ್ಪತ್ರೆಗೆ ಜೀಪು ಹೊರಟು ನಿಂತಿತ್ತು. ಇಪ್ಪತ್ನಾಲ್ಕನೆಯವಳು ಸಿಕ್ಕಳೆಂದು ನಮ್ಮ ಡಾಕ್ಟರ ಮುಖ ಅರಳಿತು. ಸಿಸ್ಟರ್ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣದಂತೆ ಬೆಳ್ಳಗಿತ್ತು. ಬೆರಳು ಚುಚ್ಚಿ ಪರೀಕ್ಷೆ ಮಾಡಿದರು. ರಕ್ತದಲ್ಲಿ ಹಿಮೋಗ್ಲೋಬಿನ್ ಆರೇ ಗ್ರಾಂ. ಎಂಟಕ್ಕಿಂತ ಕಡಿಮೆಯಿದ್ದರೆ ಆಪರೇಷನ್ ಕೂಡದು.

"ಹತ್ತು ಅಂತ ಬರೀರಿ ಲೋಕಪ್ಪ," ಎಂದರು ಡಾಕ್ಟರು.

ನಾನು ಪೆನ್ನು ತೆಗೆದೆ. ಅದೇನು ಮೊದಲ ಸಲವಲ್ಲ.

"ಹತ್ತು ಅಂತ ಬರದ್ರೆ ಇವಳ ಮೈಯಲ್ಲಿ ರಕ್ತ ಹುಟ್ಟುತ್ತಾ ಮಾರಾಯ್ರೆ?" ಸಿಸ್ಟರ್ ಫಾರಂ ಕಿತ್ತುಕೊಂಡರು. "ಟೇಬಲ್ ಮೇಲೆ ಹೆಚ್ಚುಕಮ್ಮಿ ಆದ್ರೆ ಇವಳ ಮಕ್ಳನ್ನ ನೀವು ಸಾಕ್ತೀರಾ?"

ತಿಮ್ಮಮ್ಮನೇ ಕೈ ಮುಗಿದಳು. "ಆಗಲ್ಲ ಅನ್ಬ್ಯಾಡ್ರಿ ಸಿಸ್ಟರಮ್ಮಾ. ನಮ್ಮತ್ತೆ ಹೂಂ ಅನ್ನಾಕೆ ಎರಡು ವರ್ಷ ಹಿಡೀತು. ಇನ್ನೊಂದು ಬಸಿರು ನಾನು ತಡೆಯಂಗಿಲ್ಲ."

ಸಿಸ್ಟರ್ ಅವಳ ಮುಗಿದ ಕೈ ಬಿಡಿಸಿದರು. ಆಮೇಲೆ ಫಾರಂನಲ್ಲಿ ತಾವೇ ಆರು ಎಂದು ಬರೆದು ಸಹಿ ಹಾಕಿದರು. ಜೀಪು ತಿಮ್ಮಮ್ಮನನ್ನು ಬಿಟ್ಟು ಹೋಯಿತು. ಸಂಜೆ, ಟಾರ್ಗೆಟ್ ಮುಟ್ಟಲಿಲ್ಲವೆಂದು ಸಿಸ್ಟರ್ ಅವರ ಇನ್‌ಕ್ರಿಮೆಂಟ್ ತಡೆದ ಮೆಮೊ ಟೈಪ್ ಮಾಡಿದವನೂ ನಾನೇ.

ಮಾರನೆಯ ದಿನದಿಂದ ಸಿಸ್ಟರ್ ತಿಮ್ಮಮ್ಮನ ಮನೆಗೆ ಹೋಗಿ ಕಬ್ಬಿಣದ ಮಾತ್ರೆಯನ್ನು ಎದುರಿಗೇ ನುಂಗಿಸತೊಡಗಿದರು. ನಿರೋಧ್ ಪೊಟ್ಟಣವನ್ನು ಹುಲಿಯಪ್ಪನ ಕೈಗೇ ಕೊಟ್ಟು ಬೈದು ಬರುತ್ತಿದ್ದರು. ಇವರು ಬರುವುದು ಕಂಡರೆ ಅವನು ಜೋಳದ ಹೊಲಕ್ಕೆ ನುಗ್ಗುತ್ತಿದ್ದ, ಇವರೂ ಹೊಲಕ್ಕೆ ನುಗ್ಗುತ್ತಿದ್ದರು. ನಗುವ ಮಾತಲ್ಲ. ಪ್ರತಿ ತಿಂಗಳು ಅವಳು ಮುಟ್ಟಾಗುವವರೆಗೆ ಇಬ್ಬರು ಹೆಂಗಸರಿಗೂ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಅಷ್ಟರಲ್ಲಿ ದೆಹಲಿಯಿಂದ ಹೊಸ ಪದ್ಧತಿ ಬಂತು. ಏಪ್ರಿಲ್‌ನಿಂದಲೇ ಟಾರ್ಗೆಟ್ ರದ್ದು, ಇನ್ನು ಮೇಲೆ ಲೆಕ್ಕಕ್ಕಿಂತ ಸೇವೆಯ ಗುಣಮಟ್ಟ ಮುಖ್ಯವಂತೆ. ನಾನು ಬೋರ್ಡು ಒರೆಸಿದೆ. ಜುಲೈನಲ್ಲಿ ಸಿಸ್ಟರ್ ತಿಮ್ಮಮ್ಮನನ್ನು ಮತ್ತೆ ಕರೆತಂದರು. ರಕ್ತ ಹತ್ತು ಗ್ರಾಂಗೆ ಏರಿತ್ತು.

"ಈಗ ಟಾರ್ಗೆಟ್ಟೇ ಇಲ್ವಲ್ಲ ಸಿಸ್ಟರ್, ಏನವಸರ? ಇದಕ್ಕೆಲ್ಲ ಜೀಪ್ ಕೊಡಕ್ಕಾಗಲ್ಲ," ಎಂದರು ಡಾಕ್ಟರು.

"ನಿಮ್ಮ ಟಾರ್ಗೆಟ್ ಹೋಯ್ತು ಸರ್. ಇವಳ ಕಷ್ಟ ಹೋಗ್ಲಿಲ್ವಲ್ಲ."

ಬಸ್ಸಿನಲ್ಲೇ ಹೊರಟರು. ಶಿಕಾರಿಪುರದಲ್ಲಿ ನನಗೂ ಕಚೇರಿ ಕೆಲಸವಿತ್ತು, ಜೊತೆಗೆ ಹೋದೆ. ಫಾರಂ ನಾನೇ ತುಂಬಿದ್ದೆ. ಈ ಸಲ ಇದ್ದದ್ದನ್ನೇ ಬರೆದಿದ್ದೆ.

ಅಲ್ಲಿನ ಲೇಡಿ ಡಾಕ್ಟರು ಫಾರಂ ಓದಿ ಪಕ್ಕಕ್ಕೆ ಸರಿಸಿದರು. "ಇದನ್ನ ನಾನು ನಂಬಲ್ಲ. ನಿಮ್ಮ ಕೇಂದ್ರದಿಂದ ಬರೋರೆಲ್ಲ ಹತ್ತೇ ಗ್ರಾಂ. ಮಾರ್ಚ್‌ನಲ್ಲಿ ಒಬ್ಬಳು ಟೇಬಲ್ ಮೇಲೇ ಹೋಗಿಬಿಡೋಳು. ಅವಳ ಫಾರಂನಲ್ಲೂ ಹತ್ತೇ ಇತ್ತು. ಇವಳನ್ನ ವಾಪಸ್ ಕರ್ಕೊಂಡ್ಹೋಗಿ."

ತಿಮ್ಮಮ್ಮನ ಹಣೆಯ ಮೇಲೆ ಬೆವರು ಒಡೆಯಿತು. ನಾನು ಬರೆದ ಸುಳ್ಳುಗಳೆಲ್ಲ ಸೇರಿ ಈಗ ಅವಳ ನಿಜವನ್ನು ತಿನ್ನುತ್ತಿದ್ದವು.

"ಫಾರಂ ಆಚೆ ಎಸೀರಿ ಮೇಡಂ," ಎಂದರು ಸಿಸ್ಟರ್. ತಿಮ್ಮಮ್ಮನ ಕೈ ಹಿಡಿದು ಮುಂದೆ ಚಾಚಿದರು. "ಬೆರಳು ಇಲ್ಲೇ ಇದೆ. ನೀವೇ ಚುಚ್ಚಿ ನೋಡಿ."

ಬೆರಳು ಚುಚ್ಚಿಸಿದ ಮೇಲೆ ಲ್ಯಾಬಿನಿಂದ ಚೀಟಿ ಬಂತು. ಹತ್ತೂಕಾಲು ಗ್ರಾಂ ಇತ್ತು.

"ನಾಳೆ ಬೆಳಗ್ಗೆ ಮಾಡ್ತೀನಿ," ಎಂದರು ಲೇಡಿ ಡಾಕ್ಟರು. ತಿಮ್ಮಮ್ಮ ಬೆಂಚಿನ ಮೇಲೆ ಕುಸಿದು ಕೂತು ಅತ್ತಳು. ಡಾಕ್ಟರು ನನ್ನ ಕಡೆ ತಿರುಗಿದರು. "ಫಾರಂ ಬರೆಯೋರು ನೀವೇನ್ರೀ? ಮಾರ್ಚ್‌ನಲ್ಲಿ ನೀವು ಕಳಿಸಿದ ಹೆಂಗಸರು ಈಗ ಹೇಗಿದಾರೆ?"

ನನಗೆ ಗೊತ್ತಿರಲಿಲ್ಲ. ಒಬ್ಬರ ಮನೆಗೂ ನಾನು ಹೋಗಿದ್ದವನಲ್ಲ.

"ನಂಗೊತ್ತು ಮೇಡಂ," ಎಂದರು ಸಿಸ್ಟರ್. ತಮ್ಮ ಹಳ್ಳಿಗಳವರಲ್ಲದ, ಬೇರೆ ಸಿಸ್ಟರುಗಳು ಕರೆತಂದವರಾದರೂ ಒಬ್ಬೊಬ್ಬರ ಹೆಸರು ಹಿಡಿದು ಹೇಳತೊಡಗಿದರು, ಯಾರು ಇನ್ನೂ ಕೊಡ ಎತ್ತಲಾರರು, ಯಾರು ಹಾಸಿಗೆ ಬಿಟ್ಟು ಎದ್ದಿಲ್ಲ ಎಂದು. ನಾಲ್ಕನೆಯ ಹೆಸರು ಬರುವಷ್ಟರಲ್ಲಿ ನಾನು ಎದ್ದು ಹೊರಗೆ ಹೋಗಿದ್ದೆ.