ದಾರ ಸುತ್ತದ ಬಳೆಗಾರ್ತಿ

ಬೆಳಗಾವಿ, ೧೯೨೯

ಬೆಳಕು ಹರಿಯುವ ಮೊದಲೇ ಶಿವಬಸವ್ವ ಮನೆಯ ಕಟ್ಟೆಯ ಮೇಲೆ ಕುಳಿತು ಬಳೆಗೆ ಬಳೆ ತಾಗಿಸಿ ಕಿವಿಗೊಡುತ್ತಾಳೆ. ದನಿ ಮಂಕಾದದ್ದನ್ನು ಬದಿಗಿಡುತ್ತಾಳೆ. "ಸಣ್ಣ ಸೀಳು ಕಣ್ಣಿಗಿ ಕಾಣೂದಿಲ್ರೀ, ಕಿವಿಗಿ ಕೇಳತೈತಿ." ಬಳೆಯನ್ನೇ ನಂಬದವಳು ಮನುಷ್ಯರ ಮಾತು ನಂಬುವುದುಂಟೆ?

ಗಂಡ ಕರೆಪ್ಪನ ಮೊಣಕಾಲು ಹಿಡಿದ ಮೇಲೆ ಬಳೆ ಪೋಣಿಸಿದ ಹೊರೆ, ಮಲಾರ, ಅವಳ ಹೆಗಲೇರಿದೆ. ದಿನಕ್ಕೆ ಇಪ್ಪತ್ತು ಕೈ ಸಿಕ್ಕರೆ ಒಲೆ ಹೊತ್ತುತ್ತದೆ. ಈಗ ವಯಸ್ಸಾಗಿ ಅವಳ ಕೈಯೇ ಸೊರಗಿದೆ. ತನ್ನ ಬಳೆ ಜಾರದಂತೆ ಒಳಗೆ ದಾರ ಸುತ್ತಿಕೊಂಡಿದ್ದಾಳೆ. ಅವಳ ಮದುವೆಯಾದದ್ದು ಎಂಟನೆಯ ವರ್ಷಕ್ಕೆ. "ಕೊಳ್ಳಾಗ ತಾಳಿ ಬಿತ್ತು, ದೊಡ್ಡಾಕಿ ಆದೆ. ಯಾರರ ಕೇಳಿದ್ರೇನು?" ಈಗಿನ ಹುಡುಗರು ಹೆಣ್ಣಿಗೆ ಹದಿನಾಲ್ಕು ತುಂಬಬೇಕೆನ್ನುತ್ತಾರೆ, ಕಾಯ್ದೆಯೂ ಬರುತ್ತದಂತೆ. ಅದರ ಮೇಲೂ ಅವಳಿಗೆ ಗುಮಾನಿ. "ಬಾಯಿಲೆ ಹದಿನಾಲ್ಕು ಅಂದ್ರ ಕೂಸು ಬೆಳೀತೈತೇನು?"

ಹೋದ ತಿಂಗಳು ಬೆಳಗಾವಿಯ ಸಾಲಿ ಮಾಸ್ತರ ದಿಗಂಬರನಿಗೆ ಖಾನಾಪುರದ ಹೆಣ್ಣು ಗೊತ್ತಾಯಿತು. ಹದಿನಾಲ್ಕು ತುಂಬದವಳು ಬೇಡವೆಂದು ಅವನ ಹಟ. ತುಂಬಿದೆ ಎಂದ ಹೆಣ್ಣಿನ ಅಪ್ಪ ಕೃಷ್ಣಾಜಿ. ದಿಗಂಬರನ ತಾಯಿ ಆ ವಯಸ್ಸಿನ ಅಳತೆಯ ಹಸಿರು ಬಳೆ ಆರಿಸಿ, ಹುಡುಗಿಯ ಕೈಗೆ ಇಡಿಸಿ ಬಾ ಎಂದು ಶಿವಬಸವ್ವನನ್ನು ಕಳಿಸಿದಳು.

ಖಾನಾಪುರದಲ್ಲಿ ಕದದ ಮರೆಯಿಂದ ಕೈಯೊಂದೇ ಹೊರಬಂತು. ಕೈ ಒತ್ತದೆ, ಹಿಂಡದೆ ಬಳೆ ಸರ್ರನೆ ಮೊಣಕೈಗೆ ಹೋಯಿತು.

"ಜ್ವರ ಬಂದು ಸೊರಗ್ಯಾಳ," ಎಂದ ಕೃಷ್ಣಾಜಿ. ಆಮೇಲೆ ಮೆಲ್ಲಗೆ, "ಒಳಗ ದಾರ ಸುತ್ತಿ ಕುಂದರಸು."

ಶಿವಬಸವ್ವ ಕದ ಸರಿಸಿದಳು. ಹತ್ತೂ ದಾಟದ ಸುಹಾಸಿನಿ ಇನ್ನೊಂದು ಕೈಯಲ್ಲಿ ಆಟದ ಗಜ್ಜುಗ ಹಿಡಿದು ನಿಂತಿದ್ದಳು. ಎಂಟು ವರ್ಷದ ತನ್ನ ಕೈ ನೆನಪಾಗಿ ಶಿವಬಸವ್ವ ಬಳೆಯನ್ನು ಕಳಚಿಕೊಂಡಳು. ಇಷ್ಟು ವರ್ಷ ಅದಕ್ಕಾಗಿ ಅವಳು ಅತ್ತಿರಲಿಲ್ಲ.

"ಇದು ಮುದುಕಿ ಮಾಡೂ ಉಪಾಯ್ರೀ. ಕೂಸಿನ ಕೈಗಿ ನಾ ಸುತ್ತಂಗಿಲ್ಲ."

ಬೆಳಗಾವಿಗೆ ಬಂದು, ಬಳೆ ಕೈಗೆ ನಿಲ್ಲಲಿಲ್ಲ ಎಂದಷ್ಟೇ ಹೇಳಿದಳು. ದಿಗಂಬರನಿಗೆ ಅಷ್ಟು ಸಾಕಾಯಿತು, ಮದುವೆ ಮುರಿಯಿತು. ಖಾನಾಪುರದ ಆ ಓಣಿಯಲ್ಲಿ ಈಗ ಯಾರೂ ಶಿವಬಸವ್ವನನ್ನು ಬಳೆಗೆ ಕರೆಯುವುದಿಲ್ಲ. ಆದರೂ ಅವಳಿಗೆ ನೆಮ್ಮದಿಯಿಲ್ಲ. ಇನ್ನೊಬ್ಬ ಬಳೆಗಾರ ಆ ಕೂಸಿನ ಕೈಗೆ ದಾರ ಸುತ್ತಿಯಾನು ಎಂಬ ಸಂಶಯ. ಖಾನಾಪುರಕ್ಕೆ ಹೊರಟ ಬಳೆಗಾರರನ್ನೆಲ್ಲ ಯಾರ ಮನೆಗೆ ಎಂದು ತಡೆದು ಕೇಳುತ್ತಾಳೆ.

ಆ ಹಸಿರು ಬಳೆಗಳನ್ನು ಅವಳು ಯಾರಿಗೂ ಮಾರಿಲ್ಲ. ಮುಂಜಾನೆ ಅವನ್ನೂ ತಾಗಿಸಿ ನೋಡಿ ಮತ್ತೆ ಬಟ್ಟೆಯಲ್ಲಿ ಸುತ್ತುತ್ತಾಳೆ.

"ಆ ಕೈ ಬೆಳೀಲಿ. ದಾರ ಇಲ್ದ ಬಳಿ ನಿಂದರೂತನಕ ನನ್ನ ಕಾಲು ನಡದ್ರ ಸಾಕು. ನಾನ ಹೋಗಿ ಇಡಸ್ತೇನಿ."