ಸೋಡಾ ಹಾಕುವ ಕೈ

ಅಳತೆಯ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂರದೆ ಹಸೀನಾ ಆಪಾ ಒಂದು ಹನಿ ನೀರನ್ನೂ ಅಳೆಯುತ್ತಿರಲಿಲ್ಲ. ಮೊಣಕಾಲು ನೋವು, ಏಳುವಾಗ ಗೋಡೆ ಹಿಡಿಯಬೇಕು. ಆದರೂ ಕಣ್ಣು ನೀರಿನ ಗೆರೆಯ ಸಮಕ್ಕೆ ಬರಲೇಬೇಕು. “ನಿಂತು ನೋಡಿದ್ರ ನೀರು ಸುಳ್ಳ ಹೇಳತೈತ್ರಿ ಟೀಚರ, ಕುಂದ್ರಿ” ಎಂದು ನನ್ನನ್ನೂ ಕೂರಿಸುತ್ತಿದ್ದರು.

ರಾಣೆಬೆನ್ನೂರಿನ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವರು ಅವರು. ದ್ರಾವಣ ಕಲಸಿಟ್ಟವರು ಆಪಾ, ಪ್ರಯೋಗ ಮಾಡಿದವರು ಬೇರೆಯವರು. ನಿವೃತ್ತಿಯಾದ ಮೇಲೆ ಅವರಿಗೆ ತಮ್ಮದೇ ಒಂದು ಪ್ರಯೋಗ ಬೇಕಾಗಿತ್ತು. ನಾನು ಬ್ಯಾಡಗಿಯ ಶಾಲೆಯೊಂದರ ಚಿತ್ರಕಲಾ ಶಿಕ್ಷಕಿ. ಬಿಸಿಲಿನಲ್ಲಿ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ಕಲಿಯಲೆಂದು ಒಂದು ಭಾನುವಾರ ಅವರ ಮನೆಗೆ ಹೋದವಳು, ಆಮೇಲೆ ಭಾನುವಾರ ತಪ್ಪಿಸಲೇ ಇಲ್ಲ.

ಹಸಿರು ಪುಡಿಯ ಫೆರಿಕ್ ಅಮೋನಿಯಂ ಸಿಟ್ರೇಟ್ ಒಂದು ಬಾಟಲಿಯಲ್ಲಿ, ಕೆಂಪು ಹರಳಿನ ಪೊಟ್ಯಾಶಿಯಂ ಫೆರಿಸಯನೈಡ್ ಇನ್ನೊಂದರಲ್ಲಿ. ಆಪಾ ಮೊದಲನೆಯದನ್ನು ಅತ್ತಿ, ಎರಡನೆಯದನ್ನು ಸೊಸಿ ಎನ್ನುತ್ತಿದ್ದರು. “ಬ್ಯಾರೆ ಬ್ಯಾರೆ ಇದ್ರ ಇಬ್ರೂ ಛಲೋನ ಅದಾರ. ಕೆಲಸ ಇದ್ದಾಗಷ್ಟ ಕೂಡಸಬೇಕು, ಅದೂ ಸಮಸಮ. ಯಾರಿಗೂ ಒಂದು ಹನಿ ಹೆಚ್ಚಾಗಬಾರದು.” ಪರದೆ ಎಳೆದ ಕೋಣೆಯಲ್ಲಿ ಬೆರೆಸಿ, ಕಾಗದಕ್ಕೆ ಬಳಿದು, ಅಲ್ಲೇ ಒಣಗಿಸುತ್ತಿದ್ದರು.

ಅವರಿಗೆ ಬೇಕಾಗಿದ್ದದ್ದು ಒಂದೇ ಚಿತ್ರ. ಅವರ ತಾಯಿ, ಅಮ್ಮಿ, ಎಂದೂ ಫೋಟೋ ತೆಗೆಸಿಕೊಂಡವರಲ್ಲ. ಉಳಿದದ್ದು ಆಕೆ ಕ್ರೋಶಾ ಕಡ್ಡಿಯಲ್ಲಿ ಹೂ ಹೂವಾಗಿ ಹೆಣೆದ ಓಢಣಿಯ ಅಂಚು ಮಾತ್ರ. ಮುಟ್ಟಿದರೆ ಎಳೆ ಬಿಡುತ್ತಿತ್ತು. ಅದು ಪೂರ್ತಿ ಹಾಳಾಗುವ ಮೊದಲು ಅದರ ನೆರಳನ್ನಾದರೂ ಹಿಡಿದಿಡಬೇಕೆಂಬುದು ಆಪಾ ಅವರ ಹಟ. ಕಾಗದದ ಮೇಲೆ ಅಂಚು ಹರಡಿ, ಗಾಜು ಮುಚ್ಚಿ ಅಂಗಳದ ಬಿಸಿಲಿಗಿಟ್ಟರೆ ಚಿತ್ರ ಚೆನ್ನಾಗಿಯೇ ಮೂಡುತ್ತಿತ್ತು. ತೊಳೆಯಲು ಬೋಗುಣಿಯ ನೀರಿಗೆ ಬಿಟ್ಟದ್ದೇ ತಡ, ನೀಲಿಯೆಲ್ಲ ಹೋಗಿ ಹಳದಿ ಕಾಗದ ಉಳಿಯುತ್ತಿತ್ತು. ನಾಲ್ಕು ಭಾನುವಾರ ಹೀಗೇ ಆಯಿತು. ಪ್ರತಿ ಸಲವೂ ಅಂಚಿನ ಒಂದೆರಡು ಹೂ ಕಳಚುತ್ತಿದ್ದವು. ಆಪಾ ಕಾಗದವನ್ನು ಬೈದರು, ಪುಡಿ ಮಾರಿದವನನ್ನು ಬೈದರು, ಮತ್ತೆ ಅಳೆಯಲು ಕೂತರು.

ಐದನೆಯ ಸಲ ನಾನು ಚಿತ್ರ ಬಿಟ್ಟು ಅವರ ಕೈ ನೋಡಿದೆ. ಬೋಗುಣಿಗೆ ನೀರು ತುಂಬಿದ ಕೈ ತಾನಾಗಿ ಕಿಟಕಿಯಲ್ಲಿದ್ದ ಡಬ್ಬಿಗೆ ಹೋಯಿತು. ಬಟ್ಟೆ ತೊಳೆಯುವ ಸೋಡಾ ಒಂದು ಚಿಟಿಕೆ ನೀರಿಗೆ ಬಿತ್ತು.

“ಆಪಾ, ಸೋಡಾ ಯಾಕ ಹಾಕಿದ್ರಿ?”

“ಎಲ್ಲಿ ಹಾಕೇನ್ರಿ?” ಎಂದವರು ಬೆರಳು ನೋಡಿಕೊಂಡರು. ಬಿಳಿ ಪುಡಿ ಅಂಟಿತ್ತು. ಸೋಡಾ ಈ ನೀಲಿಯನ್ನು ತಿಂದುಹಾಕುತ್ತದೆಂದು ನನಗೆ ಹೇಳಿಕೊಟ್ಟವರೇ ಅವರು. “ಮೂವತ್ತು ವರ್ಷ ಕಾಲೇಜಿನ ಗಾಜು ಸೋಡಾ ಹಾಕಿ ತೊಳದ ಕೈರಿ ಇದು. ನನ್ನ ಮಾತ ಕೇಳವಲ್ದು.” ನನಗೆ ನಗು ಬಂತು; ಅವರ ಮುಖ ಕಂಡು ನುಂಗಿಕೊಂಡೆ.

ಆ ನೀರು ಚೆಲ್ಲಿ, ಬೋಗುಣಿಯನ್ನು ಮೂರು ಸಲ ತೊಳೆದು, ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿದರು. “ಇದನ್ನ ಬ್ಯಾಡಗಿಗೆ ಒಯ್ರಿ.” ಬಿಸಿಲಿಗಿಟ್ಟಿದ್ದ ಕಾಗದದ ಮೇಲಿನ ಗಾಜು ಎತ್ತುವಾಗ ಅಂಚು ಎಳೆಎಳೆಯಾಗಿ ಬಿಚ್ಚಿಹೋಯಿತು. ಇನ್ನೊಂದು ಸಲಕ್ಕೆ ಅದು ಇರಲಿಲ್ಲ. ಆಪಾ ಅದರತ್ತ ತಿರುಗಿಯೂ ನೋಡದೆ ಕಾಗದವನ್ನು ನೀರಿಗಿಳಿಸಿದರು. ಇಬ್ಬರೂ ಬೋಗುಣಿಯ ಮೇಲೆ ಬಾಗಿದೆವು. ನೀಲಿ ಹೋಗಲಿಲ್ಲ. ಅದರ ನಡುವೆ ಉಳಿದ ಹೂಗಳೆಲ್ಲ ಬೆಳ್ಳಗೆ ಕಂಡವು.

ಅದೇ ನಮ್ಮ ಕೊನೆಯ ಭೇಟಿ. ಆ ವಾರದ ಕೊನೆಗೆ ಹೃದಯಾಘಾತವಾಗಿ ಆಪಾ ತೀರಿಕೊಂಡರು. ನನಗೆ ಇವತ್ತಿಗೂ ಭಾನುವಾರ ಬಂದರೆ ಸಂಕಟ. ಆದರೆ ಅದಕ್ಕೆ ಮೊದಲು, ಚಿತ್ರ ತೊಳೆದ ಮರುದಿನ ಬೆಳಗ್ಗೆ, ಅವರೇ ಫೋನ್ ಮಾಡಿದ್ದರು.

“ಬಣ್ಣ ನಿಂತೈತೇನ್ರಿ ಆಪಾ?” ಎಂದು ಕೇಳಿದೆ.

“ಅಮ್ಮಿ ನಿಂತಾಳ್ರಿ, ಟೀಚರ.”